ಅಲುಗಾಡುವ ಹಲ್ಲು, ಟೊಳ್ಳಾದ ಎಲುಬು



ನನ್ನ ಊರು ಕಿರಿಮಂಜೇಶ್ವರ. ನನ್ನ ಅಜ್ಜಿಯ ಹಲ್ಲುಗಳು ಒಂದೊಂದಾಗಿ ಅಲುಗಾಡಿ ಬಿದ್ದಾಗ ಮನೆಯವರೆಲ್ಲ "ಪ್ರಾಯ ಆಯ್ತಲ್ಲ" ಎಂದು ಸುಮ್ಮನಾದೆವು. ಒಂದು ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಸೊಂಟದ ಎಲುಬು ಮುರಿಯಿತು. ಆಮೇಲೆ ಅವರು ನಡೆಯಲೇ ಇಲ್ಲ. ಎಲುಬು ಟೊಳ್ಳಾಗಿತ್ತು ಎಂಬುದು ನಮಗೆ ಗೊತ್ತಾದದ್ದು ಆಗಲೇ.

ಎಲುಬು ನೋವಿಲ್ಲದೆ ಒಳಗೊಳಗೇ ಟೊಳ್ಳಾಗುವ ಕಾಯಿಲೆಗೆ ಆಸ್ಟಿಯೊಪೊರೋಸಿಸ್ ಎನ್ನುತ್ತಾರೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಹಾರ್ಮೋನು ಕಡಿಮೆಯಾಗುವುದರಿಂದ ಇದು ಹೆಂಗಸರಲ್ಲಿ ಹೆಚ್ಚು. ಒಸಡಿನ ಕಾಯಿಲೆ ಬೇರೆ. ಹಲ್ಲಿನ ಬುಡದ ಕೊಳೆಯಲ್ಲಿ ರೋಗಾಣು ಬೆಳೆದು ಒಸಡು ಊದುತ್ತದೆ, ರಕ್ತ ಬರುತ್ತದೆ, ಕ್ರಮೇಣ ಹಲ್ಲನ್ನು ಹಿಡಿದಿರುವ ದವಡೆಯ ಎಲುಬು ಕರಗುತ್ತದೆ. ಮೊದಲೇ ಟೊಳ್ಳಾದ ಎಲುಬಿನಲ್ಲಿ ಈ ನಷ್ಟ ಬೇಗ ಆಗಬಹುದು. ಹಾಗೆಂದು ಹಲ್ಲು ಅಲುಗಾಡುವವರಿಗೆಲ್ಲ ಆಸ್ಟಿಯೊಪೊರೋಸಿಸ್ ಇದೆ ಎಂದಲ್ಲ. ಒಮ್ಮೆ ವೈದ್ಯರಲ್ಲಿ ಕೇಳಬೇಕು ಎಂದಷ್ಟೆ.

ಇನ್ನೊಂದು ಮುಖ್ಯ ಮಾತು. ಎಲುಬಿನ ಬಲಕ್ಕೆ ವಾರಕ್ಕೊಮ್ಮೆ ಅಲೆಂಡ್ರೊನೇಟ್ ಮಾತ್ರೆ, ವರ್ಷಕ್ಕೊಮ್ಮೆ ಜೊಲೆಡ್ರೊನಿಕ್ ಆಸಿಡ್ ಅಥವಾ 6 ತಿಂಗಳಿಗೊಮ್ಮೆ ಡೆನೊಸುಮಾಬ್ ಇಂಜೆಕ್ಷನ್ ಕೊಡುತ್ತಾರೆ. ಇವನ್ನು ತೆಗೆದುಕೊಳ್ಳುವವರಲ್ಲಿ, ಬಹಳ ಅಪರೂಪವಾಗಿ, ಹಲ್ಲು ಕೀಳಿಸಿದ ಗಾಯ ಮಾಯದೆ ದವಡೆಯ ಎಲುಬು ಹೊರಗೆ ಕಾಣುವುದುಂಟು. ಆ ಹೆದರಿಕೆಗೆ ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ. ಸೊಂಟ ಮುರಿಯುವ ಅಪಾಯ ಅದಕ್ಕಿಂತ ದೊಡ್ಡದು.

ಹಾಗಾದರೆ ಏನು ಮಾಡಬೇಕು?

1. ಈ ಔಷಧಿ ಶುರು ಮಾಡುವ ಮೊದಲೇ ಹಲ್ಲು ತೋರಿಸಿ, ಕೀಳಬೇಕಾದದ್ದನ್ನು ಕೀಳಿಸಿ.

2. ಹಲ್ಲಿನ ವೈದ್ಯರ ಬಳಿ ಹೋಗುವಾಗ ಮಾತ್ರೆ ಚೀಟಿ ಕೊಂಡೊಯ್ಯಿರಿ. ವರ್ಷದ ಹಿಂದೆ ತೆಗೆದುಕೊಂಡ ಇಂಜೆಕ್ಷನ್ ಆದರೂ ಹೇಳಿ.

3. ದಿನಕ್ಕೆ ಎರಡು ಸಲ ಮೆತ್ತಗಿನ ಬ್ರಶ್ಶಿನಿಂದ ಹಲ್ಲುಜ್ಜಿ. ರಕ್ತ ಬಂತೆಂದು ಉಜ್ಜುವುದನ್ನು ಬಿಡಬೇಡಿ, ತೋರಿಸಿ.

4. ಎಲೆ ಅಡಿಕೆ, ಹೊಗೆಸೊಪ್ಪು, ಬೀಡಿ ಬಿಡಿ. ತಂಬಾಕು ಒಸಡಿಗೂ ಎಲುಬಿಗೂ ಶತ್ರು.

5. ರಾಗಿ, ಹಾಲು, ಮಜ್ಜಿಗೆ, ಎಳ್ಳು, ನುಗ್ಗೆಸೊಪ್ಪು ತಿನ್ನಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮೀನು ತಿನ್ನುವವರಿಗೆ ಮುಳ್ಳು ಸಮೇತ ತಿನ್ನುವ ಸಣ್ಣ ಮೀನು ಒಳ್ಳೆಯದು.

ಬಂಧುಗಳೇ, ಅಮ್ಮ ಅನ್ನವನ್ನು ಮೆತ್ತಗೆ ಕಲಸಿಕೊಳ್ಳಲು ಶುರು ಮಾಡಿದರೆ, ಒಂದೇ ಬದಿಯಲ್ಲಿ ಅಗಿದರೆ, ಕೇಳಿ. ಅವರಾಗಿ ಹೇಳುವುದಿಲ್ಲ. ನನ್ನ ಅಜ್ಜಿಯೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.