ಹೆಣದ ಹಿಂದಿನ ಹಳೆಯ ಲೆಕ್ಕ
(ವಾಚನಾಲಯದ ಭಾನುವಾರದ ಕೂಟದಲ್ಲಿ ಓದಿದ ಭಾಷಣ)



ನಾನು ವಿದ್ವಾಂಸನಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಲೆಕ್ಕ ಬರೆಯುವವನು. ಭಾನುವಾರ ಇಲ್ಲಿ ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು ಇಷ್ಟೇ ನನ್ನ ಸೇವೆ. ಇಂದು ಮಾತಿಗೆ ನಿಂತದ್ದು ಹಿರಿಯ ಸದಸ್ಯರೊಬ್ಬರ ಕೋಪದಿಂದ. ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ'ವನ್ನು ಮೇಜಿನ ಮೇಲೆ ಕುಕ್ಕಿ, "ಏನ್ರೀ ಗುಮಾಸ್ತರೇ, ಪತ್ತೇದಾರಿ ಅಂತ ಕೊಟ್ರಿ. ಎರಡು ರಾತ್ರಿ ನಿದ್ದೆಗೆಟ್ಟೆ. ಅಪರಾಧಿಗೆ ಕೋಳ ಬೀಳೋದು ಯಾವ ಪುಟದಲ್ಲಿ, ತೋರಿಸಿ" ಎಂದರು.

ಅವರ ಕೋಪ ಅನ್ಯಾಯದ್ದೇನಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ನಂಬಿ ಬೆಳೆದವರು ಅವರು. ಅಲ್ಲಿ ಕೊಟ್ಟ ಕಾಸಿಗೆ ಮೋಸವಿರಲಿಲ್ಲ.

ತೇಜಸ್ವಿಯವರ ಕಾದಂಬರಿ 1985ರದು. ಮಲೆನಾಡಿನ ಕೆಸರೂರಿನಲ್ಲಿ ಏಲಕ್ಕಿಯ ವಿಜ್ಞಾನಿ ಜೋಗಿಹಾಳರ ಸಾವಿನ ಬಗ್ಗೆ ಸಂಶಯ ಏಳುತ್ತದೆ. ಗುಪ್ತಚರ ಇಲಾಖೆಯ ಅಂಗಡಿ ವಿಚಾರಣೆಗೆ ಬರುತ್ತಾರೆ. ಆದರೆ ಒಂದು ಸಾವಿನ ಮಾತೆತ್ತಿದರೆ ಇಡೀ ಊರಿನ ಗತಕಾಲವೇ ಎದ್ದು ಕೂರುತ್ತದೆ. ಏಲಕ್ಕಿ ಏಕೆ ಕೈಕೊಟ್ಟಿತು? ಕಾಡು ಏನಾಯಿತು? ಜಾತಿ ಜಾತಿಗಳ ನಡುವಿನ ಹಗೆ ಎಂದಿನದು? ಇಷ್ಟರೊಳಗೆ ಲಂಟಾನದ ಪೊದೆ ಸದ್ದಿಲ್ಲದೆ ಊರನ್ನೇ ಸುತ್ತುವರಿದಿದೆ. ಕೊನೆಗೆ ಬೆಂಕಿ ಬೀಳುವುದು ಅದಕ್ಕೇ. ಚಿದಂಬರದ ಗುಡಿಯಲ್ಲಿ ತೆರೆ ಸರಿಸಿದರೆ ಕಾಣುವುದು ಬರಿಯ ಬಯಲು. ಹೆಸರಿನಲ್ಲೇ ಎಚ್ಚರಿಕೆಯಿತ್ತು, ನಮ್ಮ ಹಿರಿಯರು ಗಮನಿಸಲಿಲ್ಲ! ಇಲ್ಲೇ ದೆಹಲಿಯಲ್ಲಿರುವ ಸಾಹಿತ್ಯ ಅಕಾಡೆಮಿ 1987ರ ಪ್ರಶಸ್ತಿ ಕೊಟ್ಟದ್ದು ಈ ಪುಸ್ತಕಕ್ಕೆ. ಪತ್ತೇದಾರಿಗೆ ದುಡ್ಡು ದಂಡವೆನ್ನುವ ನಮ್ಮ ಸಮಿತಿಯವರು ಇದನ್ನು ದಯವಿಟ್ಟು ಬರೆದುಕೊಳ್ಳಬೇಕು.

ನಮ್ಮ ಖಾತೆಯಲ್ಲೂ ಹೀಗೆಯೇ. ಈ ತಿಂಗಳ ಶಿಲ್ಕು ತಾಳೆಯಾಗದಿದ್ದರೆ ಈ ತಿಂಗಳ ಪುಟವನ್ನೇ ಹತ್ತು ಸಲ ಕೂಡುತ್ತೇವೆ. ಒಮ್ಮೆ ನಾನು ಮೂರು ರಾತ್ರಿ ಕೂಡಿದೆ. ತಪ್ಪಿದ್ದದ್ದು ಹಿಂದಿನ ವರ್ಷದಿಂದ ಮುಂದಕ್ಕೆ ತಂದ ಮೊಬಲಗಿನಲ್ಲಿ. ಅದನ್ನು ಬರೆದವರು ಆಗಲೇ ಕೆಲಸ ಬಿಟ್ಟು ಹೋಗಿದ್ದರು.

ಇದೇ ಲೇಖಕರ 'ಜುಗಾರಿ ಕ್ರಾಸ್' 1994ರದು. ರೈತ ದಂಪತಿಗಳಾದ ಸುರೇಶ, ಗೌರಿಯರು ಕಳ್ಳಸಾಗಣೆಯವರ ಬಲೆಗೆ ಸಿಕ್ಕುತ್ತಾರೆ. ಆ ಗಂಟಿನ ಒಂದು ಎಳೆ ಹಳೆಯ ಕಾವ್ಯವೊಂದರಲ್ಲಿದೆ: ಮೇಲೊಂದು ಅರ್ಥ, ಒಳಗೆ ಇನ್ನೊಂದು. ಒಂದೇ ಪದ್ಯದಲ್ಲಿ ಎರಡು ಕಥೆ ಹೇಳುವ ಇಂಥ ದ್ವಿಸಂಧಾನ ನಮ್ಮ ದೇಶದಲ್ಲಿ ಹಳೆಯ ವಿದ್ಯೆ. ಧನಂಜಯನೆಂಬ ಜೈನ ಕವಿ ಸಂಸ್ಕೃತದಲ್ಲಿ ರಾಮಾಯಣ, ಭಾರತಗಳೆರಡನ್ನೂ ಹಾಗೆ ಹೆಣೆದಿದ್ದಾನೆ. ಪಂಡಿತರ ಆ ಆಟವನ್ನು ಕಳ್ಳರ ಕಥೆಗೆ ತಂದದ್ದು ನನಗಂತೂ ಬಹಳ ಹಿಡಿಸಿತು.

ಕೋಪಗೊಂಡ ಹಿರಿಯರಿಗೆ ಚಹ ತರಿಸಿ, "ತಮ್ಮ ಊರು ಯಾವುದು?" ಎಂದೆ. "ಮೂಡಿಗೆರೆ ಕಡೆ" ಎಂದರು. ತೇಜಸ್ವಿಯವರು ಬಾಳಿದ್ದೂ ಅಲ್ಲೇ. ಸ್ವಲ್ಪ ಹೊತ್ತು ಸುಮ್ಮನಿದ್ದು, ಪಾಲಿನ ಜಗಳ, ಮಾರಿದ ತೋಟ, ಅಣ್ಣನೊಡನೆ ಮಾತು ಬಿಟ್ಟು ರೈಲು ಹತ್ತಿದ್ದು, ಎಲ್ಲವನ್ನೂ ಹೇಳಿದರು. ಮಕ್ಕಳಿಗೆ ಮಾತ್ರ ಇಂದಿಗೂ "ಕೆಲಸಕ್ಕೆಂದು ಬಂದೆವು" ಎಂದೇ ಹೇಳಿದ್ದಾರಂತೆ. ಏಳುವಾಗ, "ಆ ಜುಗಾರಿ ಇದೆಯೇನ್ರೀ?" ಎಂದು ಕೇಳಿದರು.

ನಮ್ಮಲ್ಲಿ ಅದರ ಪ್ರತಿ ಒಂದೇ. ಅವಧಿ ಮುಗಿದು ಹದಿನೈದು ದಿನವಾಯಿತು. ಒಯ್ದವರು ಈ ಸಭೆಯಲ್ಲೇ ಕುಳಿತಿದ್ದಾರೆ. ಮುಂದಿನ ಭಾನುವಾರ ತಂದುಕೊಡಬೇಕಾಗಿ ಪ್ರಾರ್ಥನೆ.