ಗಾಲಿಯ ಮೇಲಿನ ಮನೆಗೊಂದು ದೀಪ



ಮೂರು ದಶಕಗಳಿಗೂ ಮಿಕ್ಕು ಹಳಗನ್ನಡ ಕಾವ್ಯವನ್ನೂ ಶಾಸನಗಳನ್ನೂ ಪಾಠ ಹೇಳಿದವನೊಬ್ಬ ಬ್ಯಾಟರಿ, ತಂತಿ, ಫ್ಯೂಸುಗಳ ವಿಷಯವಾಗಿ ಮಾತನಾಡಲು ಕುಳಿತಿರುವುದು ತಮಗೆ ವಿಚಿತ್ರವಾಗಿ ತೋರಬಹುದು. ನನಗೂ ಹಾಗೆಯೇ ತೋರುತ್ತಿದೆ. ಆದರೆ ಕಳೆದ ಎರಡು ವರ್ಷಗಳಲ್ಲಿ ನಾನು ಅತ್ಯಂತ ಶ್ರದ್ಧೆಯಿಂದ ಅಭ್ಯಾಸ ಮಾಡಿದ ವಿಷಯ ಇದೊಂದೇ. ಈ ಅಭ್ಯಾಸದಲ್ಲಿ ಪರೀಕ್ಷಕರು ಅಂಕ ಕಳೆಯುವುದಿಲ್ಲ. ತಪ್ಪಾದರೆ ನಡುರಾತ್ರಿ ದೀಪವೇ ಆರಿಹೋಗುತ್ತದೆ.

ತರಗತಿಯಲ್ಲಿ ವರ್ಷಗಟ್ಟಲೆ ವರ್ಣಿಸಿದ ಶಾಸನಗಳಲ್ಲಿ ಅರ್ಧಕ್ಕರ್ಧವನ್ನು ನಾನು ಕಣ್ಣಾರೆ ಕಂಡಿರಲಿಲ್ಲ. ನಿವೃತ್ತಿಯಾದ ಮೇಲೆ ಅವುಗಳನ್ನು ನೋಡಬೇಕೆಂಬ ಹಂಬಲ ಬಲವಾಯಿತು. ಹಲ್ಮಿಡಿ, ತಾಳಗುಂದ, ಬಾದಾಮಿ, ಮಸ್ಕಿ ಎಂದು ಪಟ್ಟಿ ಸಿದ್ಧವಾಯಿತು. ನನ್ನ ಶ್ರೀಮತಿ ದಿನಕ್ಕೆ ಎರಡು ಬಾರಿ ಇನ್ಸುಲಿನ್ ತೆಗೆದುಕೊಳ್ಳುವವರು. ಒಡೆಯದ ಇನ್ಸುಲಿನ್ ಶೀಷೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು. ಹೆಪ್ಪುಗಟ್ಟಿದರೂ ಕೆಟ್ಟಿತು, ಕಾದರೂ ಕೆಟ್ಟಿತು. ಸಣ್ಣ ಊರುಗಳ ವಸತಿಗೃಹಗಳಲ್ಲಿ ಇದಕ್ಕೆ ಅನುಕೂಲವಿರುವುದು ಅಪರೂಪ. ಆಗ ಶಾಲೆಯೊಂದು ವಿಲೇವಾರಿ ಮಾಡಿದ ಹಳೆಯ ಡೀಸೆಲ್ ವ್ಯಾನೊಂದು ಕೈಗೆಟುಕುವ ಬೆಲೆಗೆ ದೊರೆಯಿತು. ವಾಹನದ ಮೂಲ ರಚನೆಯನ್ನು ಬದಲಿಸಬೇಕಾದರೆ ಆರ್.ಟಿ.ಓ. ಕಚೇರಿಯ ಒಪ್ಪಿಗೆ ಬೇಕು. ಆ ಅಲೆದಾಟದ ಕಥೆಯನ್ನು ಬಿಟ್ಟುಬಿಡುತ್ತೇನೆ. ಮಲಗಲು ಹಲಗೆ, ಒಂದು ಒಲೆ, ನೀರಿನ ಡ್ರಮ್ಮು, ಇಷ್ಟಾದವು. ಉಳಿದದ್ದು ವಿದ್ಯುತ್ತು. ಅದಕ್ಕೆಂದು ನಾನು ತೆಗೆದಿರಿಸಿದ್ದ ಹಣ 70,000 ರೂಪಾಯಿ.

ನನ್ನ ಸೋದರಳಿಯ ಐ.ಟಿ.ಐ. ಓದಿ ವಾಹನಗಳ ವಿದ್ಯುತ್ ಕೆಲಸದ ಅಂಗಡಿ ಇಟ್ಟುಕೊಂಡಿದ್ದಾನೆ. ಯಾವ ಬ್ಯಾಟರಿ ಕೊಳ್ಳಲಿ ಎಂದು ಅವನನ್ನು ಕೇಳಿದೆ. "ಮಾವ, ಬ್ಯಾಟರಿ ಕೊನೆಗೆ. ಮೊದಲು ದಿನಕ್ಕೆ ಎಷ್ಟು ಖರ್ಚು ಅಂತ ಬರೆದುಕೊಂಡು ಬನ್ನಿ" ಎಂದ. ಪ್ರತಿಯೊಂದು ಉಪಕರಣದ ವ್ಯಾಟುಗಳನ್ನು ಅದು ನಡೆಯುವ ಗಂಟೆಗಳಿಂದ ಗುಣಿಸಬೇಕು. ಕಂಪ್ರೆಸರ್ ಇರುವ 12 ವೋಲ್ಟಿನ ಸಣ್ಣ ಫ್ರಿಜ್ಜು ಓಡುವಾಗ 60 ವ್ಯಾಟ್ ಬೇಡುತ್ತದೆ. ಆದರೆ ಸದಾ ಓಡುವುದಿಲ್ಲ. ಬೇಸಗೆಯಲ್ಲಿ ದಿನದ ಐದರಲ್ಲಿ ಎರಡು ಪಾಲು ಓಡಿತೆಂದು ಹಿಡಿದರೆ ಸುಮಾರು 575 ವ್ಯಾಟ್-ಗಂಟೆ. 20 ವ್ಯಾಟಿನ ಫ್ಯಾನು ರಾತ್ರಿ ಎಂಟು ಗಂಟೆ ತಿರುಗಿದರೆ 160. ಎರಡು ಎಲ್‌ಇಡಿ ದೀಪಗಳಿಗೆ 40, ಎರಡು ಮೊಬೈಲುಗಳಿಗೆ 30. ಒಟ್ಟು 805. ಮನೆಯ ಜಮಾಖರ್ಚಿನ ಪುಸ್ತಕದಂತೆಯೇ ಇದು. ಆದಾಯವನ್ನು ಬರೆಯುವ ಮೊದಲು ಖರ್ಚನ್ನು ಬರೆಯಬೇಕೆಂಬುದನ್ನು ನನ್ನ ತಾಯಿಯೂ ಹೇಳುತ್ತಿದ್ದರು.

ನನ್ನಾಕೆ ಈ ಪಟ್ಟಿಯನ್ನು ನೋಡಿ, "ಮಿಕ್ಸಿ ಎಲ್ಲಿ? ಚಟ್ನಿಗೇನು ಮಾಡುವುದು?" ಎಂದರು. ನ್ಯಾಯವಾದ ಪ್ರಶ್ನೆ. 500 ವ್ಯಾಟಿನ ಮಿಕ್ಸಿ ಮೂರು ನಿಮಿಷ ತಿರುಗಿದರೆ ಖರ್ಚಾಗುವುದು ಬರಿಯ 25 ವ್ಯಾಟ್-ಗಂಟೆ, ಮೊಬೈಲುಗಳಿಗಿಂತ ಕಡಿಮೆ. ಆದರೆ ಆ ಮೂರು ನಿಮಿಷ ಅದು 12 ವೋಲ್ಟಿನ ಬ್ಯಾಟರಿಯಿಂದ ನಲವತ್ತು ಆಂಪಿಯರಿಗೂ ಹೆಚ್ಚು ಪ್ರವಾಹವನ್ನು ಸೆಳೆಯುತ್ತದೆ. ಅದಕ್ಕಾಗಿ ಬೆರಳು ಗಾತ್ರದ ತಂತಿ, ದೊಡ್ಡ ಇನ್ವರ್ಟರು, ಅದಕ್ಕೆ ತಕ್ಕ ಫ್ಯೂಸು ಎಲ್ಲವೂ ಬೇಕು. ಕೊಡದಲ್ಲಿ ನೀರು ಎಷ್ಟಿದೆ ಎಂಬುದು ಒಂದು ಪ್ರಶ್ನೆ, ಕೊಡದ ಬಾಯಿ ಎಷ್ಟು ಅಗಲ ಎಂಬುದು ಇನ್ನೊಂದು. ಮಿಕ್ಸಿಯನ್ನು ಕೈಬಿಟ್ಟು ಚಟ್ನಿಪುಡಿಯ ಡಬ್ಬಿ ಮತ್ತು ಒಂದು ಕುಟ್ಟಾಣಿಯನ್ನು ವ್ಯಾನಿಗೆ ಏರಿಸಿದೆವು. ಇನ್ವರ್ಟರೂ ಅದರೊಂದಿಗೆ ಹೋಯಿತು. ಹನ್ನೆರಡು ವೋಲ್ಟನ್ನು 230ಕ್ಕೆ ಏರಿಸಿ, ಮೊಬೈಲಿಗಾಗಿ ಪುನಃ ಐದಕ್ಕೆ ಇಳಿಸುವುದೆಂದರೆ ಪ್ರತಿ ಹೆಜ್ಜೆಗೂ ಸುಂಕ ಕಟ್ಟಿದಂತೆ.

ಫ್ರಿಜ್ಜಿನ ವಿಷಯದಲ್ಲಿ ನಾನು ಮೊದಲು ಮರುಳಾಗಿದ್ದೆ. ಕಾರಿನ ಸಿಗರೇಟ್ ಸಾಕೆಟ್ಟಿಗೆ ಸಿಕ್ಕಿಸುವ ಅಗ್ಗದ ತಂಪುಪೆಟ್ಟಿಗೆಗಳು ನಾಲ್ಕೈದು ಸಾವಿರಕ್ಕೆ ಸಿಗುತ್ತವೆ. ಅವುಗಳಲ್ಲಿ ಕಂಪ್ರೆಸರ್ ಇರುವುದಿಲ್ಲ. ಪ್ರವಾಹ ಹರಿದಾಗ ಒಂದು ಮಗ್ಗುಲು ತಣ್ಣಗಾಗಿ ಇನ್ನೊಂದು ಮಗ್ಗುಲು ಬಿಸಿಯಾಗುವ ಬಿಲ್ಲೆಯೊಂದಿರುತ್ತದೆ. ಹೊರಗಿನ ಉಷ್ಣತೆಗಿಂತ ಹದಿನೈದೋ ಇಪ್ಪತ್ತೋ ಡಿಗ್ರಿ ಕೆಳಗಿಳಿಸುವುದಷ್ಟೇ ಅದರ ಶಕ್ತಿ. ರಾಯಚೂರಿನ ನಲವತ್ತು ಡಿಗ್ರಿಯಲ್ಲಿ ಒಳಗೆ ಇಪ್ಪತ್ತಕ್ಕೂ ಮೇಲೆಯೇ ನಿಲ್ಲುತ್ತದೆ. ಅಷ್ಟು ಮಾಡುವುದಕ್ಕೂ ಅದು ಬಿಡುವಿಲ್ಲದೆ ಓಡಿ ದಿನಕ್ಕೆ ಸಾವಿರಕ್ಕೂ ಹೆಚ್ಚು ವ್ಯಾಟ್-ಗಂಟೆಗಳನ್ನು ನುಂಗಬಲ್ಲದು. ಕೊಳ್ಳುವಾಗ ಉಳಿದ ಹಣವೆಲ್ಲ ಬ್ಯಾಟರಿಯ ಖಾತೆಗೆ ಹೋಗಿಬಿಡುತ್ತಿತ್ತು. 22,000 ಕೊಟ್ಟು ಕಂಪ್ರೆಸರ್ ಫ್ರಿಜ್ಜನ್ನೇ ತಂದೆವು.

ಈಗ ಬ್ಯಾಟರಿ. ಎಂಜಿನನ್ನು ಎಬ್ಬಿಸುವ ಬ್ಯಾಟರಿ ಕ್ಷಣಮಾತ್ರ ಭಾರಿ ಪ್ರವಾಹ ಕೊಡಲು ಹುಟ್ಟಿದ್ದು. ರಾತ್ರಿಯಿಡೀ ಹಿಂಡಿದರೆ ಬೇಗ ಸಾಯುತ್ತದೆ, ಬೆಳಗ್ಗೆ ವ್ಯಾನೂ ಏಳುವುದಿಲ್ಲ. ಆದ್ದರಿಂದ ಮನೆಯ ಬ್ಯಾಟರಿ ಬೇರೆಯೇ ಇರಬೇಕು. ನಮ್ಮ ಮನೆಗಳ ಇನ್ವರ್ಟರಿನ ಕೊಳವೆ ಬ್ಯಾಟರಿ ಗಟ್ಟಿ ಜೀವ, ಬೆಲೆಯೂ ಕಡಿಮೆ. ಸೀಸ-ಆಮ್ಲದ ಆ ವಂಶವನ್ನು 1859ರಲ್ಲಿ ಆರಂಭಿಸಿದವನು ಗ್ಯಾಸ್ಟನ್ ಪ್ಲಾಂಟೆ ಎಂಬ ಫ್ರೆಂಚ್ ವಿಜ್ಞಾನಿ. ಆದರೆ ಅದರಲ್ಲಿ ತುಂಬಿದ್ದರಲ್ಲಿ ಅರ್ಧವನ್ನಷ್ಟೇ ಬಳಸಿದರೆ ಅದು ಬಹುಕಾಲ ಬಾಳುತ್ತದೆ. 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1,800 ವ್ಯಾಟ್-ಗಂಟೆ ಇದ್ದರೂ ನಮ್ಮದಾಗುವುದು 900. ತೂಕ ಐವತ್ತು ಕಿಲೋ ಮೀರುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಹೊರಡುವುದರಿಂದ ಮಲಗುವ ಜಾಗದೊಳಗೆ ಅದನ್ನು ಇಡುವುದು ಕ್ಷೇಮವಲ್ಲ. ಲಿಥಿಯಂ ಐರನ್ ಫಾಸ್ಫೇಟ್ ಎಂಬುದು ಹೊಸ ತಳಿ. ಅದನ್ನು 1990ರ ದಶಕದಲ್ಲಿ ಬೆಳಕಿಗೆ ತಂದ ತಂಡದ ಹಿರಿಯ ಜಾನ್ ಗುಡಿನಫ್ ಅವರಿಗೆ ಲಿಥಿಯಂ ಬ್ಯಾಟರಿಗಳ ಮೇಲಣ ಕೆಲಸಕ್ಕಾಗಿ 2019ರಲ್ಲಿ, ತೊಂಬತ್ತೇಳನೆಯ ವಯಸ್ಸಿನಲ್ಲಿ, ನೊಬೆಲ್ ಬಹುಮಾನ ಬಂತು. ನಿವೃತ್ತರೆಲ್ಲ ನೆನಪಿಡಬೇಕಾದ ಸಂಗತಿ. 100 ಆಂಪಿಯರ್-ಗಂಟೆಯ ಈ ಬ್ಯಾಟರಿಯಲ್ಲಿ 1,280 ವ್ಯಾಟ್-ಗಂಟೆ. ಐದರಲ್ಲಿ ನಾಲ್ಕು ಪಾಲನ್ನು ನಿಶ್ಚಿಂತೆಯಿಂದ ಬಳಸಬಹುದು. ತೂಕ ಹನ್ನೆರಡು ಕಿಲೋದ ಆಸುಪಾಸು. ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು. ಹಿಮಾಲಯಕ್ಕೆ ಹೋಗುವವರಿಗೆ ಅದು ತೊಡಕು, ಮಸ್ಕಿಗೆ ಹೋಗುವವರಿಗಲ್ಲ. 30,000 ಕೊಟ್ಟು ಅದನ್ನೇ ಕೊಂಡೆ.

ಛಾವಣಿಯ ಮೇಲೆ ತಲಾ 100 ವ್ಯಾಟಿನ ಎರಡು ಸೌರಫಲಕಗಳು, 9,000. ಇನ್ನೂರು ವ್ಯಾಟ್ ಎಂದು ಬರೆದ ಮಾತ್ರಕ್ಕೆ ಇನ್ನೂರು ಬರುವುದಿಲ್ಲ. ಬೇಸಗೆಯ ಒಳ್ಳೆಯ ದಿನ ಒಟ್ಟು 800 ವ್ಯಾಟ್-ಗಂಟೆ ಬಂದರೆ ಭಾಗ್ಯ. ಫಲಕಕ್ಕೂ ಬ್ಯಾಟರಿಗೂ ನಡುವೆ ಒಂದು ಚಾರ್ಜ್ ಕಂಟ್ರೋಲರ್ ಬೇಕು. ಅಗ್ಗದ ಬಗೆಯದು ಫಲಕದ ಹದಿನೆಂಟು ವೋಲ್ಟನ್ನು ಬ್ಯಾಟರಿಯ ಹದಿಮೂರಕ್ಕೆ ಎಳೆದು ನಿಲ್ಲಿಸುತ್ತದೆ. ನಡುವಣ ವೋಲ್ಟುಗಳು ವ್ಯರ್ಥ. ನೂರರಲ್ಲಿ ಎಪ್ಪತ್ತೆರಡು ಕೈಗೆ ಬರುತ್ತದೆ. ಎಂ.ಪಿ.ಪಿ.ಟಿ. ಎಂಬ ಬಗೆಯದು ಹೆಚ್ಚುವರಿ ವೋಲ್ಟನ್ನು ಪ್ರವಾಹವಾಗಿ ಮಾರ್ಪಡಿಸಿ ಕೊಡುತ್ತದೆ. ಅದಕ್ಕೆ 5,000. ಮನೆಗಳ ಮೇಲೆ ಹಾಕುವ ದೊಡ್ಡ ಫಲಕಗಳು ವ್ಯಾಟಿನ ಲೆಕ್ಕದಲ್ಲಿ ಅಗ್ಗ. ಅವುಗಳ ವೋಲ್ಟೇಜು ಹೆಚ್ಚಾದ್ದರಿಂದ ಈ ಎರಡನೆಯ ಬಗೆಯ ಕಂಟ್ರೋಲರ್ ಇಲ್ಲದೆ ಅವನ್ನು ಹನ್ನೆರಡು ವೋಲ್ಟಿಗೆ ಜೋಡಿಸುವುದು ಶುದ್ಧ ದಂಡ.

ಲೆಕ್ಕ ಹಾಕಿಕೊಂಡವರು ಈಗ 66,000ಕ್ಕೆ ಬಂದಿರುತ್ತೀರಿ. ಉಳಿದದ್ದು 4,000. ತಂತಿ, ಫ್ಯೂಸು, ಸ್ವಿಚ್ಚು, ಸಾಕೆಟ್ಟು ಎಲ್ಲವೂ ಅಷ್ಟರಲ್ಲಿ ಆಗಬೇಕು. ಫ್ಯೂಸಿನ ವಿಷಯದಲ್ಲಿ ಸೋದರಳಿಯ ಜಗ್ಗಲಿಲ್ಲ. ಫ್ಯೂಸು ಉಪಕರಣವನ್ನು ಕಾಯುತ್ತದೆಂದು ನಾನು ತಿಳಿದಿದ್ದೆ. ಅದು ಕಾಯುವುದು ತಂತಿಯನ್ನು. ತಂತಿ ಎಲ್ಲಿಯಾದರೂ ಉಜ್ಜಿ ತಗಡಿಗೆ ತಗುಲಿದರೆ ಲಿಥಿಯಂ ಬ್ಯಾಟರಿ ಸಾವಿರಾರು ಆಂಪಿಯರುಗಳನ್ನು ಒಮ್ಮೆಗೇ ಸುರಿಯಬಲ್ಲದು. ಅಷ್ಟು ಪ್ರವಾಹವನ್ನು ಕಡಿಯುವ ಸಾಮರ್ಥ್ಯವುಳ್ಳ ಮುಖ್ಯ ಫ್ಯೂಸನ್ನು ಬ್ಯಾಟರಿಯ ಧನಾಗ್ರದ ಪಕ್ಕದಲ್ಲಿಯೇ ಕೂರಿಸಿದ. ಅದಕ್ಕೇ ಒಂದು ಸಾವಿರಕ್ಕಿಂತ ಹೆಚ್ಚು ಹೋಯಿತು. ನಾನು ಗೊಣಗಿದೆ. "ಮಾವ, ಅತ್ತೆ ಒಳಗೆ ಮಲಗ್ತಾರೆ" ಎಂದ. ಮರುಮಾತಾಡಲಿಲ್ಲ.

ಆದರೆ ತಂತಿಯಲ್ಲಿ ನಾನು ಉಳಿಸಿದೆ. ಅವನು ಫ್ರಿಜ್ಜಿಗೆ ಆರು ಚದರ ಮಿಲಿಮೀಟರಿನ ತಾಮ್ರದ ತಂತಿ ತನ್ನಿ ಎಂದು ಬರೆದುಕೊಟ್ಟಿದ್ದ. ಮನೆಯಲ್ಲಿ ದೀಪಗಳಿಗೆ ಹಾಕಿ ಉಳಿದಿದ್ದ ಒಂದು ಚದರ ಮಿಲಿಮೀಟರಿನ ಸುರುಳಿ ಅಟ್ಟದ ಮೇಲಿತ್ತು. ಐದು ಆಂಪಿಯರಿಗೆ ಇದು ಧಾರಾಳವೆಂದು ಎಲ್ಲೋ ಓದಿದ್ದೆ. ಅವನು ಊರಲ್ಲಿಲ್ಲದ ದಿನ ಅದನ್ನೇ ಎಳೆದು, ತುದಿಗೊಂದು ಸಿಗರೇಟ್ ಸಾಕೆಟ್ಟು ಸಿಕ್ಕಿಸಿದೆ. ಉಳಿತಾಯ ಐದಾರು ನೂರು ರೂಪಾಯಿ.

ಏಪ್ರಿಲಿನಲ್ಲಿ ಮಸ್ಕಿಗೆ ಹೋದೆವು. ಅಶೋಕನ ಹೆಸರನ್ನೇ ಹೇಳುವ ಶಾಸನ ಅಲ್ಲಿ 1915ರಲ್ಲಿ ಬೆಳಕಿಗೆ ಬಂತು. ಅದುವರೆಗೆ ದೇವಾನಾಂಪ್ರಿಯ ಯಾರೆಂಬುದು ಊಹೆಯ ಮಾತಾಗಿತ್ತು. ಆ ಬಂಡೆಯ ಮುಂದೆ ಸಂಜೆಯವರೆಗೆ ಕುಳಿತಿದ್ದೆ. ರಾತ್ರಿ ಊರಹೊರಗೆ ವ್ಯಾನು ನಿಲ್ಲಿಸಿ ಮಲಗಿದೆವು. ಬೆಳಗ್ಗೆ ನನ್ನಾಕೆ ಫ್ರಿಜ್ಜು ತೆರೆದು, "ನೋಡಿ ಇಲ್ಲಿ" ಎಂದರು. ಶೀಷೆ ಬೆಚ್ಚಗಿತ್ತು. ಬ್ಯಾಟರಿಯ ಮೀಟರು ಮುಕ್ಕಾಲು ತುಂಬಿದೆ ಎನ್ನುತ್ತಿತ್ತು. ಫ್ರಿಜ್ಜು ಮಾತ್ರ ಬ್ಯಾಟರಿ ಖಾಲಿಯೆಂದು ಕೆಂಪು ದೀಪ ಮಿಟುಕಿಸುತ್ತಿತ್ತು.

ಫೋನಿನಲ್ಲಿ ಸೋದರಳಿಯ ಎರಡೇ ಪ್ರಶ್ನೆ ಕೇಳಿದ: ತಂತಿ ಯಾವುದು, ಉದ್ದ ಎಷ್ಟು. ಹೋಗಿಬರುವ ದಾರಿ ಸೇರಿ ಹನ್ನೆರಡು ಮೀಟರ್. ಅಷ್ಟು ಉದ್ದದ ಆ ಸಣ್ಣ ತಂತಿ ಐದು ಆಂಪಿಯರಿಗೆ ಒಂದು ವೋಲ್ಟನ್ನು ದಾರಿಯಲ್ಲಿಯೇ ತಿಂದುಬಿಡುತ್ತದೆ. ಸಡಿಲವಾದ ಸಾಕೆಟ್ಟು ಇನ್ನಷ್ಟನ್ನು. ಮನೆಯ 230 ವೋಲ್ಟಿನಲ್ಲಿ ಒಂದು ಹೋದರೆ ಯಾರಿಗೂ ತಿಳಿಯದು. ಹನ್ನೆರಡರಲ್ಲಿ ಒಂದು ಹೋದರೆ, ಕೈಯಲ್ಲಿ ಹನ್ನೆರಡು ರೂಪಾಯಿ ಇದ್ದವನ ಒಂದು ರೂಪಾಯಿ ಹೋದಂತೆ. ಬ್ಯಾಟರಿಯನ್ನು ಉಳಿಸಲೆಂದು ಫ್ರಿಜ್ಜಿನಲ್ಲೊಂದು ಕಾವಲು ಇರುತ್ತದೆ. ವೋಲ್ಟೇಜು ಇಳಿದರೆ ತಾನೇ ಆರಿಹೋಗುತ್ತದೆ. ತನಗೆ ತಲುಪಿದ್ದನ್ನು ನೋಡಿ ಅದು ಪ್ರಾಮಾಣಿಕವಾಗಿಯೇ ಆರಿತ್ತು. ತಂತಿ ಬಿಸಿಯಾಗಿರಲಿಲ್ಲ, ಫ್ಯೂಸು ಹೋಗಿರಲಿಲ್ಲ. ನಾನು ಓದಿದ್ದೂ ಸುಳ್ಳಲ್ಲ, ಐದು ಆಂಪಿಯರನ್ನು ಅದು ಸುಡದೆ ಹೊತ್ತಿತ್ತು. ನಾನು ಓದದೆ ಬಿಟ್ಟದ್ದು ಮುಂದಿನ ಪುಟ.

ಇನ್ಸುಲಿನ್ ಕೆಟ್ಟಿತೋ ಇಲ್ಲವೋ ಎಂಬುದು ನೋಡಿದರೆ ತಿಳಿಯುವುದಿಲ್ಲ. ಒಂದು ರಾತ್ರಿಯ ಸೆಕೆಗೆ ಅದು ಪೂರ್ತಿ ಸತ್ವ ಕಳೆದುಕೊಳ್ಳದಿರಬಹುದು. ಆದರೆ ಎಷ್ಟು ಕಾಯಿತು, ಎಷ್ಟು ಹೊತ್ತು ಕಾಯಿತು ನಮಗೆ ತಿಳಿಯದು. ನಂಬಬೇಡಿ ಎಂದರು ನಮ್ಮ ವೈದ್ಯರು. ಲಿಂಗಸುಗೂರಿಗೆ ಹೋಗಿ ಹೊಸ ಶೀಷೆಗಳು ದೊರೆಯುವವರೆಗೆ ದಾರಿಯುದ್ದಕ್ಕೂ ನನ್ನಾಕೆ ಒಂದು ಮಾತೂ ಆಡಲಿಲ್ಲ. ಅವರು ಬೈದಿದ್ದರೆ ಹಗುರವಾಗುತ್ತಿತ್ತು. ಎಸೆದ ಶೀಷೆಗಳ ಬೆಲೆ ತಂತಿಯ ಉಳಿತಾಯವನ್ನು ದಾಟಿತ್ತು. ಆ ಲೆಕ್ಕವನ್ನು ನಾನಾಗಿ ಹೇಳಲಿಲ್ಲ, ಅವರಾಗಿ ಕೇಳಲಿಲ್ಲ.

ಊರಿಗೆ ಬಂದು ಆರು ಚದರ ಮಿಲಿಮೀಟರಿನ ತಂತಿಯನ್ನೇ ಹಾಕಿಸಿದೆ. ಸಾಕೆಟ್ಟು ತೆಗೆದು ತಿರುಪಿನಿಂದ ಬಿಗಿಯುವ ಜೋಡಣೆ ಬಂತು. ಒಂದು ವೋಲ್ಟಿನ ಸೋರಿಕೆ ಈಗ ಸುಮಾರು ಅದರ ಆರನೆಯ ಒಂದು ಪಾಲಿಗೆ ಇಳಿದಿದೆ. ಅದರೊಂದಿಗೆ ನನ್ನಾಕೆ ತಮ್ಮದೊಂದು ಉಪಕರಣವನ್ನು ಸೇರಿಸಿದ್ದಾರೆ: ಒದ್ದೆ ಬಟ್ಟೆ ಸುತ್ತಿದ ಸಣ್ಣ ಮಣ್ಣಿನ ಮಡಕೆ. ಒಡೆದು ಬಳಕೆಯಲ್ಲಿರುವ ಶೀಷೆ ಅದರೊಳಗೆ, ಕಟ್ಟಿದ ಚೀಲದಲ್ಲಿ, ಇರುತ್ತದೆ. ಬಳಕೆಯ ಶೀಷೆಗೆ ಎಂಟು ಡಿಗ್ರಿ ಬೇಡ, ಇಪ್ಪತ್ತೈದರ ಆಸುಪಾಸಿದ್ದರೆ ಕೆಲವು ವಾರ ಬಾಳುತ್ತದೆ. ಎಲ್ಲ ಸಿದ್ಧತೆಗಳಲ್ಲಿ ಅತ್ಯಂತ ಅಗ್ಗವಾದದ್ದು ಅದು, ಫ್ಯೂಸೂ ಬೇಡ.

ಮಳೆಗಾಲದ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಮಲೆನಾಡಿನ ಮೋಡದ ಕೆಳಗೆ ನಮ್ಮ 800, ಮುನ್ನೂರಕ್ಕೋ ಇನ್ನೂರಕ್ಕೋ ಇಳಿಯುತ್ತದೆ. ಓಡುವಾಗ ಎಂಜಿನಿನ ಆಲ್ಟರ್ನೇಟರಿನಿಂದ ತುಂಬಿಕೊಳ್ಳಬಹುದು. ಆದರೆ ಲಿಥಿಯಂ ಬ್ಯಾಟರಿಯನ್ನು ನೇರವಾಗಿ ಜೋಡಿಸಿದರೆ ಅದು ತಡೆಯಿಲ್ಲದೆ ಸೆಳೆದು ಆಲ್ಟರ್ನೇಟರನ್ನೇ ಸುಡಬಹುದು. ನಡುವೆ ಪ್ರವಾಹಕ್ಕೆ ಮಿತಿ ಹಾಕುವ ಡಿ.ಸಿ.-ಡಿ.ಸಿ. ಚಾರ್ಜರ್ ಬೇಕು. ಹತ್ತು ಸಾವಿರವಾದರೂ ಆಗುತ್ತದೆ. ಇನ್ನೊಂದು ತೊಡಕು ನೆರಳಿನದು. ಫಲಕದ ಒಂದು ಮೂಲೆಗೆ ಕೊಂಬೆಯ ನೆರಳು ಬಿದ್ದರೂ ಉತ್ಪತ್ತಿ ನೆರಳಿನ ಅಳತೆಗೂ ಮೀರಿ ಕುಸಿಯುತ್ತದೆ. ಹೋದ ತಿಂಗಳು ತಾಳಗುಂದದಲ್ಲಿ ವ್ಯಾನನ್ನು ಹೊಂಗೆಯ ಮರದ ಕೆಳಗಿನಿಂದ ಬಿಸಿಲಿಗೆ ಸರಿಸಬೇಕೆಂದು ನಾನು ಎದ್ದೆ. ನನ್ನಾಕೆ ಚಾಪೆ ಹಾಸಿ ಕುಳಿತಿದ್ದರು. "ಬೇಕಾದರೆ ನೀವು ಹೋಗಿ ಬಿಸಿಲಲ್ಲಿ ಕುಳಿತುಕೊಳ್ಳಿ" ಎಂದರು. ಬ್ಯಾಟರಿಯ ಮೀಟರು ನೋಡಿದೆ, ಅರುವತ್ತು ಎಂದಿತ್ತು. ನಾನೂ ಚಾಪೆಯ ಮೇಲೆ ಕುಳಿತೆ.