ಮಗುವಿನ ‘ಬೇಡ’ಕ್ಕೆ ಮನೆಯಲ್ಲಿ ಬೆಲೆ



ಅಪರಿಚಿತರು ಚಾಕಲೇಟು ಕೊಟ್ಟರೆ ತಗೋಬೇಡ, ಕರೆದರೆ ಹೋಗಬೇಡ ಎಂದು ನಾವೆಲ್ಲ ಮಕ್ಕಳಿಗೆ ಹೇಳಿಕೊಟ್ಟಿದ್ದೇವೆ. ಅಪಾಯ ಹೊರಗಿನಿಂದ ಮಾತ್ರ ಬರುವುದಾದರೆ ಅಷ್ಟು ಸಾಕಿತ್ತು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದರು. ಗಂಡುಮಕ್ಕಳ ಪಾಲು ಕಡಿಮೆಯೇನೂ ಇರಲಿಲ್ಲ. ತಪ್ಪೆಸಗಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರು, ಮಗು ನಂಬಿದ್ದವರು. ಹೆಚ್ಚಿನ ಮಕ್ಕಳು ಯಾರ ಬಳಿಯೂ ಬಾಯಿ ಬಿಟ್ಟಿರಲಿಲ್ಲ.

ಯಾಕೆ ಬಾಯಿ ಬಿಡುವುದಿಲ್ಲ? ಉತ್ತರವನ್ನು ನಮ್ಮ ನಡುಮನೆಯಲ್ಲೇ ಹುಡುಕಬೇಕು. ಗೃಹಪ್ರವೇಶಕ್ಕೆ ಬಂದ ನೆಂಟರು ಐದು ವರ್ಷದ ಹುಡುಗಿಯನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾರೆ. ಅವಳು ಮೈ ಬಿಗಿಹಿಡಿದು ಅಮ್ಮನ ಸೆರಗಿಗೆ ಕೈ ಚಾಚುತ್ತಾಳೆ. ಅಮ್ಮ, “ಮಾಮಂಗೆ ಒಂದು ಮುತ್ತು ಕೊಡೇ, ಬೇಜಾರು ಮಾಡ್ಕೋತಾರೆ” ಎನ್ನುತ್ತಾಳೆ. ಆ ನೆಂಟರು ಸಜ್ಜನರೇ ಇರಬಹುದು. ಆದರೆ ದೊಡ್ಡವರ ಬೇಜಾರಿನ ಮುಂದೆ ತನ್ನ ಮೈಯ ಮಾತು ನಡೆಯದು ಎಂಬುದನ್ನು ಹುಡುಗಿ ಅಂದು ಕಲಿತಳು. ಮುಂದೊಂದು ದಿನ ಕೆಟ್ಟ ಮನಸ್ಸಿನವನು ಬಂದರೆ, ಈ ಪಾಠವನ್ನೇ ಬಳಸಿಕೊಳ್ಳುತ್ತಾನೆ.

ಆದ್ದರಿಂದ ಒಪ್ಪಿಗೆಯ ಪಾಠ ಮನೆಯ ಸಣ್ಣ ಸಂಗತಿಗಳಲ್ಲೇ ಶುರುವಾಗಬೇಕು. ಕಚಗುಳಿ ಇಡುವಾಗ ಮಗು “ಸಾಕು” ಅಂದರೆ, ಅದು ನಗುತ್ತಿದ್ದರೂ ಕೈ ತೆಗೆಯಿರಿ. ನೆಂಟರಿಗೆ ಮುತ್ತು ಕೊಡದೆ ನಮಸ್ಕಾರ ಮಾಡಿದರೂ ಮರ್ಯಾದೆಯೇ. ಡಾಕ್ಟರು ಪರೀಕ್ಷೆ ಮಾಡುವಾಗ ಯಾಕೆ ಮುಟ್ಟುತ್ತಾರೆಂದು ಮೊದಲೇ ಹೇಳಿ, ಜೊತೆಗೆ ನಿಲ್ಲಿ. “ಅಮ್ಮನಿಗೆ ಹೇಳಬೇಡ” ಎಂದು ಯಾರಾದರೂ ಮುಟ್ಟಿದರೆ ಅದನ್ನೇ ಮೊದಲು ಬಂದು ಹೇಳಬೇಕೆಂದು ತಿಳಿಸಿ. ತಂಗಿ “ಬೇಡ” ಎಂದಾಗ ಕೈ ಬಿಡುವುದನ್ನು ಮಗನಿಗೂ ಕಲಿಸಿ. ಬೇರೆಯವರ ಮೈಯನ್ನು ಗೌರವಿಸಲು ಅವನು ಕಲಿಯುವುದು ಹಾಗೆಯೇ.

ಇಷ್ಟೆಲ್ಲ ಮಾಡಿದರೂ ಅನಾಹುತ ಆಗಬಹುದು. ಮಗು ಹೇಳಿದಾಗ ನಮ್ಮ ಬಾಯಿಂದ ಬರುವ ಮೊದಲ ಮಾತು, “ನೀನ್ಯಾಕೆ ಅಲ್ಲಿಗೆ ಹೋದೆ?” ಎಂದಾಗಬಾರದು. “ಹೇಳಿದ್ದು ಒಳ್ಳೆಯದಾಯಿತು. ನಿನ್ನ ತಪ್ಪೇನೂ ಇಲ್ಲ. ಇನ್ನು ನಾನು ನೋಡಿಕೊಳ್ಳುತ್ತೇನೆ” ಎನ್ನಬೇಕು. ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿ ಮಗುವನ್ನು ಹಿಂಡಬಾರದು.

ದೂರು ಕೊಡಬೇಕೆಂದಾಗ ಸ್ಟೇಷನ್ನು, ಕೋರ್ಟು ಎಂದರೆ ಹೆದರಿಕೆಯಾಗುವುದು ಸಹಜ. ಈ ಹೆದರಿಕೆಯನ್ನು ಅರಿತೇ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆ ರೂಪುಗೊಂಡಿದೆ. ಹದಿನೆಂಟು ತುಂಬದ ಹುಡುಗ, ಹುಡುಗಿ ಇಬ್ಬರಿಗೂ ಅದರ ರಕ್ಷಣೆಯಿದೆ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಬಂದು ಪಡೆಯಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಮಾಧ್ಯಮಗಳು ಹೆಸರು, ಗುರುತು ಬಯಲು ಮಾಡುವಂತಿಲ್ಲ. ಗೊತ್ತಿದ್ದೂ ದೂರು ಕೊಡದ ದೊಡ್ಡವರಿಗೆ ಶಿಕ್ಷೆಯಿದೆ, ಮಕ್ಕಳಿಗಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೆ ಸಹಾಯ ಸಿಗುತ್ತದೆ, ಕರೆಗೆ ದುಡ್ಡಿಲ್ಲ.

“ಮನೆ ಮರ್ಯಾದೆ ಹೋಗುತ್ತದೆ” ಎಂದು ಹಿರಿಯರು ತಡೆಯುತ್ತಾರೆ. ಮಗುವಿಗೆ ಹಾನಿ ಮಾಡಿದವನನ್ನು ಪಂಕ್ತಿಯಲ್ಲಿ ಕೂರಿಸಿ ಬಡಿಸುವ ಮನೆಗೆ ಉಳಿದಿರುವ ಮರ್ಯಾದೆ ಯಾವುದು? ಕೂಗಿಕೋ, ಓಡಿಹೋಗು ಎಂದು ಮಗುವಿಗೆ ಕಲಿಸೋಣ. ಆದರೆ ಕಾಪಾಡುವ ಹೊಣೆಯನ್ನು ಅದರ ಹೆಗಲಿಗೆ ಹೊರಿಸುವುದು ಬೇಡ. ಆ ಹೊಣೆ ದೊಡ್ಡವರಾದ ನಮ್ಮದು.